ಕೊಠಡಿಯ ಲೆಕ್ಕ: ಹಿಂದುಳಿದ ತಾಲ್ಲೂಕುಗಳ ಶಾಲಾ ಕಟ್ಟಡ ಮತ್ತು ಸರ್ಕಾರದ ಹೊಣೆ



ದತ್ತಿ ಉಪನ್ಯಾಸಕ್ಕೆ ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರಗಳಿಂದ ವಿಷಯ ಆರಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ನಾನು ಇಂದು ಶಾಲೆಯ ಗೋಡೆ, ಚಾವಣಿ, ತಳಪಾಯ, ಅಂದಾಜುಪಟ್ಟಿಗಳ ಬಗ್ಗೆ ಮಾತನಾಡಲು ನಿಂತಿದ್ದೇನೆ. ಶಿಕ್ಷಣದ ಚರ್ಚೆ ಬಂದಾಗಲೆಲ್ಲ ನಾವು ಪಠ್ಯಪುಸ್ತಕ, ಮಾಧ್ಯಮ, ಪರೀಕ್ಷೆಗಳ ಬಗ್ಗೆ ಬಹಳ ಮಾತನಾಡುತ್ತೇವೆ. ಮಗು ಕೂರುವ ಜಾಗದ ವಿಷಯವನ್ನು ಎಂಜಿನಿಯರರಿಗೂ ಗುತ್ತಿಗೆದಾರರಿಗೂ ಬಿಟ್ಟುಬಿಡುತ್ತೇವೆ. ಆ ವಿಷಯ ನಾಗರಿಕರೆಲ್ಲರೂ ಕೂತು ಚರ್ಚಿಸಬೇಕಾದದ್ದು ಎಂಬ ನಂಬಿಕೆಯಿಂದ ಈ ಶೀರ್ಷಿಕೆ ಆರಿಸಿಕೊಂಡಿದ್ದೇನೆ.

ನನ್ನ ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು, ಶಾಲಾ ಕಟ್ಟಡದ ಕೊರತೆ ಅಲ್ಲಿ ಹೇಗೆ ಹುಟ್ಟಿತು ಎಂಬುದನ್ನು ಮೊದಲು ನೋಡೋಣ. ಆಮೇಲೆ, ಬಡ ಪ್ರದೇಶದ ಶಾಲೆಗೆ ಸರ್ಕಾರ ಯಾವ ತತ್ತ್ವದ ಮೇಲೆ ಹಣ ಕೊಡಬೇಕು ಎಂಬ ಪ್ರಶ್ನೆ. ಅದಕ್ಕಾಗಿ ಸ್ವಲ್ಪ ಹೊತ್ತು ಅಮೆರಿಕದ ನ್ಯೂಜೆರ್ಸಿ ರಾಜ್ಯಕ್ಕೂ ಹೋಗಿಬರಬೇಕಾಗುತ್ತದೆ. ಕೊನೆಗೆ, ಮಂಜೂರಾದ ಹಣ ಕೊಠಡಿಯಾಗುವ ದಾರಿಯಲ್ಲಿ ಏನೇನಾಗುತ್ತದೆ ಎಂಬುದು. ಈ ಕೊನೆಯ ಭಾಗಕ್ಕೆ ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ. ಏಕೆಂದರೆ ನಮ್ಮ ಚರ್ಚೆಗಳು ಸಾಮಾನ್ಯವಾಗಿ ಬಜೆಟ್ಟಿನ ಘೋಷಣೆಯ ಹತ್ತಿರವೇ ನಿಂತುಹೋಗುತ್ತವೆ.

ಮೊದಲಿಗೆ ಚರಿತ್ರೆ.

1956ರ ನವೆಂಬರ್ 1ರಂದು ಒಂದಾದ ಈ ರಾಜ್ಯಕ್ಕೆ ಐದು ಬೇರೆ ಬೇರೆ ಆಡಳಿತಗಳಿಂದ ಜಿಲ್ಲೆಗಳು ಬಂದು ಸೇರಿದವು. ಪ್ರತಿಯೊಂದೂ ತನ್ನ ಶಾಲೆಗಳನ್ನು, ಶಾಲೆಗಳ ಕೊರತೆಯನ್ನು ಹೊತ್ತುಕೊಂಡೇ ಬಂದಿತು. ಹಳೆಯ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1913ರಷ್ಟು ಹಿಂದೆಯೇ ಪ್ರಾಥಮಿಕ ಶಿಕ್ಷಣದ ಕಾಯ್ದೆ ಬಂದಿತ್ತು. ಕರಾವಳಿಯಲ್ಲಿ ಬಾಸೆಲ್ ಮಿಷನ್ನಿನವರು 1834ರಿಂದ ನೆಲೆಯೂರಿ ಶಾಲೆಗಳನ್ನು ತೆರೆದಿದ್ದರು. ಮುಂಬೈ ಪ್ರಾಂತ್ಯದ ಭಾಗದಲ್ಲಿ ಲೋಕಲ್ ಬೋರ್ಡಿನ ಶಾಲೆಗಳಿದ್ದವು, 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ.ಯಂಥ ಸಂಸ್ಥೆಗಳಿದ್ದವು.

ನಿಜಾಮರ ಆಡಳಿತದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರುಗಳ ಕತೆ ಬೇರೆ. ಅಲ್ಲಿ ಆಡಳಿತದ ಭಾಷೆ ಉರ್ದು, ಮೇಲಿನ ಹಂತದ ಶಿಕ್ಷಣದ ಭಾಷೆಯೂ ಉರ್ದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲೇ ಆರಂಭವಾಯಿತು. ಕನ್ನಡ ಮನೆಮಾತಿನ ಹಳ್ಳಿಯ ಮಗುವಿಗೆ ಸರ್ಕಾರಿ ಶಾಲೆ ಊರಿಗೂ ದೂರ, ಭಾಷೆಗೂ ದೂರ. ಆ ಕೊರತೆಯನ್ನು ತುಂಬಲು ಮಠಗಳು ಮುಂದೆ ಬಂದವು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದ ಹಿರಿಯರಿಗೆಲ್ಲ ಗೊತ್ತಿದೆ. ಕಲಬುರಗಿಯ ನೂತನ ವಿದ್ಯಾಲಯ ಇದೇ ಕಾಲದ ಸಾಹಸ. ಆದರೆ ಮಠವಾಗಲಿ ಖಾಸಗಿ ಸಂಸ್ಥೆಯಾಗಲಿ ಎಷ್ಟು ಊರುಗಳಿಗೆ ತಲುಪೀತು? 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಡಳಿತ ಕೊನೆಗೊಂಡ ನಂತರ ತೆರೆದ ಅನೇಕ ಶಾಲೆಗಳು ಹನುಮಂತದೇವರ ಗುಡಿಯ ಪೌಳಿಯಲ್ಲೋ, ಚಾವಡಿಯಲ್ಲೋ, ಯಾರೋ ಗೌಡರು ಬಿಟ್ಟುಕೊಟ್ಟ ಪಡಸಾಲೆಯಲ್ಲೋ ನಡೆದವು. ಶಿಕ್ಷಕರು ಬಂದರು, ಮಕ್ಕಳು ಬಂದರು. ಕಟ್ಟಡ ಮಾತ್ರ ಎಷ್ಟೋ ವರ್ಷಗಳ ನಂತರ ಬಂದಿತು.

ಇದನ್ನು ಏಕೆ ಇಷ್ಟು ಹೇಳಿದೆನೆಂದರೆ, ಇಂದಿನ ಅಂಕಿಗಳ ಹಿಂದೆ ಆ ಅಸಮಾನ ಆರಂಭ ಇದೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇಕಡಾ 88.57, ರಾಯಚೂರಿನದು 59.56, ಯಾದಗಿರಿಯದು 51.83. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇಕಡಾ 94 ಫಲಿತಾಂಶ ಪಡೆದು ಮೊದಲ ಸ್ಥಾನದಲ್ಲಿದ್ದರೆ, ಯಾದಗಿರಿ 50.59 ಪಡೆದು ಕೊನೆಯಲ್ಲಿತ್ತು. ಮರುವರ್ಷ ಕೊನೆಯ ಸ್ಥಾನ ಕಲಬುರಗಿಗೆ ಬಂತು, ಶೇಕಡಾ 42.43ರೊಂದಿಗೆ. ಫಲಿತಾಂಶ ಬಂದ ದಿನ ಪತ್ರಿಕೆಗಳಲ್ಲಿ ಈ ಜಿಲ್ಲೆಗಳ ಮಕ್ಕಳನ್ನೂ ಶಿಕ್ಷಕರನ್ನೂ ಹಳಿಯುವ ಬರಹಗಳು ಬರುತ್ತವೆ. ಅದನ್ನು ಓದುವಾಗ ನನಗೆ ನೋವಾಗುತ್ತದೆ. ಆ ಮಕ್ಕಳ ಅಜ್ಜಂದಿರಿಗೆ ಶಾಲೆಯೇ ಇರಲಿಲ್ಲ, ಅಪ್ಪಂದಿರ ಶಾಲೆಗೆ ಚಾವಣಿ ಇರಲಿಲ್ಲ. ಕಟ್ಟಡವೊಂದೇ ಫಲಿತಾಂಶ ತರುತ್ತದೆಂದು ನಾನು ಹೇಳುತ್ತಿಲ್ಲ. ಎರಡು ತರಗತಿಗಳು ಒಂದೇ ಕೊಠಡಿಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತ ಕಡೆ, ಮಳೆ ಬಂದರೆ ರಜೆ ಕೊಡುವ ಕಡೆ, ಉಳಿದ ಯಾವ ಸುಧಾರಣೆಯೂ ಬೇರು ಬಿಡುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು, ಕೇಂದ್ರ ಮತ್ತು ರಾಜ್ಯಗಳು ಈ ಕೊರತೆಗೆ ಏನು ಮಾಡಿದವು ಎಂಬುದನ್ನು ವೇಗವಾಗಿ ನೋಡಿಬಿಡೋಣ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಬಂತು. ಪ್ರತಿ ಪ್ರಾಥಮಿಕ ಶಾಲೆಗೆ ಎಲ್ಲ ಕಾಲಕ್ಕೂ ಬಳಸಬಹುದಾದ ಎರಡು ದೊಡ್ಡ ಕೊಠಡಿ, ಗಂಡು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಕನಿಷ್ಠ ಇಬ್ಬರು ಶಿಕ್ಷಕರು, ಕಲಿಕಾ ಸಾಮಗ್ರಿ ಎಂಬುದು ಅದರ ಗುರಿ. ಕಟ್ಟಡದ ಹಣ ಬಹುಮಟ್ಟಿಗೆ ಗ್ರಾಮೀಣ ಉದ್ಯೋಗ ಯೋಜನೆಗಳಿಂದ ಬರಬೇಕಿತ್ತು. ಅಂದರೆ ಶಾಲೆಯ ಕೊಠಡಿ ಕೆರೆಯ ಏರಿಯ ಜೊತೆ, ಊರ ರಸ್ತೆಯ ಜೊತೆ ಅದೇ ಹಣಕ್ಕಾಗಿ ಸ್ಪರ್ಧಿಸಬೇಕಾಯಿತು.

1990ರ ದಶಕದ ನಡುವೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿ.ಪಿ.ಇ.ಪಿ.) ಬಂತು. ಹೆಣ್ಣುಮಕ್ಕಳ ಸಾಕ್ಷರತೆ ರಾಷ್ಟ್ರೀಯ ಸರಾಸರಿಗಿಂತ ಕಡಿಮೆ ಇರುವ ಜಿಲ್ಲೆಗಳನ್ನು ಆರಿಸುವುದು ಅದರ ಮುಖ್ಯ ನಿಯಮ. ಹಿಂದುಳಿದಿರುವಿಕೆಯನ್ನೇ ಅಳತೆಗೋಲಾಗಿಟ್ಟುಕೊಂಡ ಈ ಹೆಜ್ಜೆ ದೊಡ್ಡದು. ನಮ್ಮಲ್ಲಿ ಮೊದಲ ಹಂತಕ್ಕೆ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಆಯ್ಕೆಯಾದವು. ಎರಡನೆಯ ಹಂತದಲ್ಲಿ ಬೀದರ್, ಕಲಬುರಗಿ, ಬಳ್ಳಾರಿಗಳೂ ಸೇರಿದವು. ಆದರೆ ಕಾಮಗಾರಿಗೆ ಒಟ್ಟು ವೆಚ್ಚದ ಶೇಕಡಾ 24 ಮಾತ್ರ ಎಂಬ ಮಿತಿ ಇತ್ತು. ನಂತರ 2001ರಿಂದ ಬಂದ ಸರ್ವ ಶಿಕ್ಷಣ ಅಭಿಯಾನದಲ್ಲಿ ಈ ಮಿತಿ ಶೇಕಡಾ 33. ಮಿತಿಯ ಉದ್ದೇಶ ಒಳ್ಳೆಯದೇ. ಎಲ್ಲ ಹಣವನ್ನೂ ಸಿಮೆಂಟಿಗೆ ಸುರಿದು ತರಬೇತಿ, ಪುಸ್ತಕಗಳನ್ನು ಮರೆಯಬಾರದಲ್ಲವೆ? ಆದರೂ ಮಂಡ್ಯಕ್ಕೂ ರಾಯಚೂರಿಗೂ ಒಂದೇ ಮಿತಿ ಇಟ್ಟರೆ ಏನಾಗುತ್ತದೆ ಯೋಚಿಸಿ. ಮೊದಲೇ ಕಟ್ಟಡವಿದ್ದ ಜಿಲ್ಲೆ ಹೆಚ್ಚುವರಿ ಕೊಠಡಿ ಸೇರಿಸಿಕೊಳ್ಳುತ್ತದೆ. ಕಟ್ಟಡವೇ ಇಲ್ಲದ ಜಿಲ್ಲೆ ಅದೇ ಪಾಲಿನಲ್ಲಿ ಮೊದಲ ಕೊಠಡಿಗೆ ಹೆಣಗಾಡುತ್ತದೆ.

ಆ ಬಳಿಕ 2009ರ ಶಿಕ್ಷಣ ಹಕ್ಕು ಕಾಯ್ದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ಕಾಯ್ದೆಯ ಅನುಸೂಚಿ ಶಾಲೆಯ ಕಟ್ಟಡಕ್ಕೆ ಮೊದಲ ಬಾರಿಗೆ ಕಾನೂನಿನ ಬಲ ಕೊಟ್ಟಿತು. ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ಕೊಠಡಿ, ಮುಖ್ಯಶಿಕ್ಷಕರಿಗೆ ಕಚೇರಿ ಮತ್ತು ದಾಸ್ತಾನಿನ ಕೊಠಡಿ, ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಬಿಸಿಯೂಟದ ಅಡುಗೆಮನೆ, ಆಟದ ಮೈದಾನ, ಸುತ್ತುಗೋಡೆ ಇರಲೇಬೇಕು ಎಂದಿತು. ಮೂರು ವರ್ಷಗಳ ಗಡುವು ಕೊಟ್ಟಿತು. ಆ ಗಡುವು 2013ರ ಮಾರ್ಚ್ 31ಕ್ಕೆ ಮುಗಿಯಿತು. ಗಡುವು ಮುಗಿದು ವರ್ಷಗಳೇ ಉರುಳಿದರೂ ಶಿಥಿಲ ಕೊಠಡಿಗಳ ಪಟ್ಟಿ ಪ್ರತಿ ಮಳೆಗಾಲಕ್ಕೆ ಹೊಸದಾಗಿ ತಯಾರಾಗುತ್ತಲೇ ಇದೆ.

ಇಲ್ಲಿಂದ ನಾನು ತತ್ತ್ವದ ಪ್ರಶ್ನೆಗೆ ಬರುತ್ತೇನೆ. ಕಾನೂನು ಇದೆ, ಯೋಜನೆಗಳಿವೆ, ಹಣವೂ ಬರುತ್ತಿದೆ. ಮತ್ತೇಕೆ ಕೊರತೆ ಮುಗಿಯುತ್ತಿಲ್ಲ? ನ್ಯೂಜೆರ್ಸಿಯ ಒಂದು ಮೊಕದ್ದಮೆ ಇದನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ.

ಅಮೆರಿಕದಲ್ಲಿ ಶಾಲೆಗಳ ಖರ್ಚಿನ ದೊಡ್ಡ ಭಾಗ ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ದುಬಾರಿ ಮನೆಗಳಿರುವ ಊರು ಕಡಿಮೆ ದರದ ತೆರಿಗೆ ಹಾಕಿಯೂ ಶಾಲೆಗೆ ಧಾರಾಳವಾಗಿ ಖರ್ಚು ಮಾಡಬಲ್ಲದು. ಕೈಗಾರಿಕೆಗಳು ಮುಚ್ಚಿ ಬಡವಾದ ಕ್ಯಾಮ್ಡನ್‌ನಂಥ ಊರು ಹೆಚ್ಚು ದರ ಹಾಕಿದರೂ ಅಷ್ಟು ಹಣ ಕೂಡುವುದಿಲ್ಲ. 1981ರಲ್ಲಿ ಕ್ಯಾಮ್ಡನ್, ಜೆರ್ಸಿ ಸಿಟಿ, ಈಸ್ಟ್ ಆರೆಂಜ್, ಅರ್ವಿಂಗ್‌ಟನ್ ಊರುಗಳ ಮಕ್ಕಳ ಪರವಾಗಿ ಎಜುಕೇಶನ್ ಲಾ ಸೆಂಟರ್ ಎಂಬ ಸಂಸ್ಥೆ ರಾಜ್ಯದ ವಿರುದ್ಧ ಮೊಕದ್ದಮೆ ಹೂಡಿತು. ಅದು 'ಅಬಾಟ್ ವಿರುದ್ಧ ಬರ್ಕ್' ಎಂದು ಹೆಸರಾಯಿತು. 1990ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಬಡ ನಗರ ಜಿಲ್ಲೆಗಳ ಶಾಲೆಗಳಿಗೆ ಶ್ರೀಮಂತ ಊರುಗಳಷ್ಟೇ ಹಣ ಸಿಗಬೇಕೆಂದು ತೀರ್ಪಿತ್ತಿತು. 1998ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಂವಿಧಾನ ಭರವಸೆ ಕೊಟ್ಟ ಶಿಕ್ಷಣದಲ್ಲಿ ಕಟ್ಟಡವೂ ಸೇರಿದೆ, ಆ ಜಿಲ್ಲೆಗಳ ಶಾಲಾ ಕಟ್ಟಡದ ಪೂರ್ಣ ವೆಚ್ಚ ರಾಜ್ಯದ್ದೇ ಎಂದಿತು. 2000ದಲ್ಲಿ ಶಾಸನಸಭೆ ಕಾನೂನು ಮಾಡಿ 860 ಕೋಟಿ ಡಾಲರ್ ಒದಗಿಸಿತು. ಅದರಲ್ಲಿ 600 ಕೋಟಿ ಆ ಬಡ ಜಿಲ್ಲೆಗಳಿಗೆ.

ನಮ್ಮ ಸುಪ್ರೀಂ ಕೋರ್ಟು ಕೂಡ ಇದಕ್ಕೆ ಹತ್ತಿರದ ಮಾತು ಹೇಳಿದೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಯೊಂದರ ಹುಲ್ಲಿನ ಚಾವಣಿಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಆ ದುರಂತದಿಂದ ಹುಟ್ಟಿದ ಅವಿನಾಶ್ ಮೆಹ್ರೋತ್ರಾ ಮೊಕದ್ದಮೆಯಲ್ಲಿ, ಶಿಕ್ಷಣದ ಹಕ್ಕಿನೊಳಗೆ ಸುರಕ್ಷಿತ ಶಾಲೆಯ ಹಕ್ಕೂ ಇದೆ ಎಂದು 2009ರಲ್ಲಿ ತೀರ್ಪು ಬಂತು. ಹಕ್ಕು ಎನ್ನುವಲ್ಲಿ ಎರಡು ನ್ಯಾಯಾಲಯಗಳೂ ಒಂದೇ. ಮುಂದಿನ ಲೆಕ್ಕದಲ್ಲಿ ವ್ಯತ್ಯಾಸವಿದೆ. ನ್ಯೂಜೆರ್ಸಿಯಲ್ಲಿ ಯಾವ ಜಿಲ್ಲೆಗಳು, ಖರ್ಚು ಯಾರದು, ಎಷ್ಟು ಪಾಲು ಎಂಬುದನ್ನೆಲ್ಲ ಬರೆದಿಟ್ಟರು. ನಮ್ಮಲ್ಲಿ ಹಕ್ಕನ್ನು ಒಪ್ಪಿಕೊಂಡು, ಹಣವನ್ನು ಆಯಾ ವರ್ಷದ ಯೋಜನೆಗೆ ಬಿಟ್ಟೆವು. ಒಂದು ಸರ್ಕಾರದ ಯೋಜನೆ ಇನ್ನೊಂದು ಸರ್ಕಾರಕ್ಕೆ ಬೇಡವಾಗುತ್ತದೆ, ಹೆಸರು ಬದಲಾಗುತ್ತದೆ, ಪಟ್ಟಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಹಾಗೆಂದು ನ್ಯೂಜೆರ್ಸಿಯನ್ನು ಆದರ್ಶವೆಂದು ನಾನು ನಿಮ್ಮ ಮುಂದಿಡುತ್ತಿಲ್ಲ. ಹಣ ಹರಿದುಬಂದ ಕೆಲವೇ ವರ್ಷಗಳಲ್ಲಿ, 2005ರ ಹೊತ್ತಿಗೆ, ಅಲ್ಲಿನ ಇನ್‌ಸ್ಪೆಕ್ಟರ್ ಜನರಲ್ ವರದಿ ಶಾಲೆ ಕಟ್ಟಿಸಲು ರಚಿಸಿದ್ದ ನಿರ್ಮಾಣ ನಿಗಮದಲ್ಲಿ ದುಂದು ಮತ್ತು ಹಿಡಿತವಿಲ್ಲದ ನಿರ್ವಹಣೆಯನ್ನು ಎತ್ತಿತೋರಿಸಿತು. ಯೋಜಿಸಿದ ಎಷ್ಟೋ ಶಾಲೆಗಳು ಆರಂಭವಾಗುವ ಮೊದಲೇ ಹಣ ಕರಗಿತು. 2007ರಲ್ಲಿ ಆ ನಿಗಮವನ್ನು ಮುಚ್ಚಿ ಹೊಸ ಪ್ರಾಧಿಕಾರ ಕಟ್ಟಬೇಕಾಯಿತು. ಮರುವರ್ಷ ಶಾಸನಸಭೆ ಮತ್ತೆ 390 ಕೋಟಿ ಡಾಲರ್ ಕೊಟ್ಟಿತು. ನಾವು ಗಮನಿಸಬೇಕಾದದ್ದು ಇದನ್ನು: ಹಣ ಪೋಲಾದದ್ದು ಗೊತ್ತಾದಾಗ ಸಂಸ್ಥೆಯನ್ನು ಬದಲಿಸಿದರು, ಮಕ್ಕಳ ಹಕ್ಕನ್ನು ಬಿಟ್ಟುಕೊಡಲಿಲ್ಲ. ನಮ್ಮಲ್ಲಿ ಅಕ್ರಮದ ಸುದ್ದಿ ಬಂದ ಕೂಡಲೇ ಕಾಮಗಾರಿ ನಿಲ್ಲುತ್ತದೆ, ತನಿಖೆ ವರ್ಷಗಟ್ಟಲೆ ಸಾಗುತ್ತದೆ. ಅಷ್ಟು ವರ್ಷವೂ ಅರೆಬರೆ ಗೋಡೆಗಳ ಮಗ್ಗುಲಲ್ಲೇ ಮಕ್ಕಳು ಮರದಡಿ ಕೂರುತ್ತಾರೆ.

ಈಗ ನಮ್ಮ ಮನೆಗೇ ಬರೋಣ. ಹಿಂದುಳಿದಿರುವಿಕೆಯನ್ನು ಅಳೆದು ಅದರಂತೆ ಹಣ ಹಂಚುವ ಚಿಂತನೆ ಕರ್ನಾಟಕಕ್ಕೆ ಹೊಸದೇನಲ್ಲ. ಈ ವಿಷಯದಲ್ಲಿ ನಾವು ಹೆಮ್ಮೆಪಡಬಹುದಾದ ದಾಖಲೆಯೇ ಇದೆ. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಕೊಟ್ಟ ವರದಿ ಅದು. ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಗುರುತಿಸಿತು. ಆ 39ರಲ್ಲಿ 21 ಕಲಬುರಗಿ ವಿಭಾಗದವು. ಎಂಟು ವರ್ಷಗಳ ವಿಶೇಷ ಅಭಿವೃದ್ಧಿ ಯೋಜನೆಗೆ 31,000 ಕೋಟಿ ರೂಪಾಯಿ ಬೇಕೆಂದು ಲೆಕ್ಕ ಹಾಕಿತು.

ನಂಜುಂಡಪ್ಪನವರು ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಘಟಕವಾಗಿ ಹಿಡಿದದ್ದು ಬಹಳ ಮುಖ್ಯ. ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿ ದೇವದುರ್ಗ, ಯಾದಗಿರಿಗಳ ಜೊತೆ ಪಾವಗಡ, ಬಾಗೇಪಲ್ಲಿ, ಎಚ್.ಡಿ. ಕೋಟೆಗಳೂ ಇದ್ದವು. ದಕ್ಷಿಣದ 'ಮುಂದುವರಿದ' ಜಿಲ್ಲೆಯೊಳಗೇ ಬಡ ತಾಲ್ಲೂಕು ಅಡಗಿರುತ್ತದೆ. ನಾನು ಕಲ್ಯಾಣ ಕರ್ನಾಟಕದ ಪರವಾಗಿ ಮಾತನಾಡುವಾಗ ಎಚ್.ಡಿ. ಕೋಟೆಯ ಹಾಡಿಯ ಮಗುವನ್ನು ಮರೆತರೆ ನನ್ನ ವಾದಕ್ಕೇ ಬೆಲೆ ಇರುವುದಿಲ್ಲ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಎರಡನೆಯ ದೊಡ್ಡ ಹೆಜ್ಜೆ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ನಡೆಸಿದ ಹೋರಾಟದ ಫಲವಾಗಿ 98ನೆಯ ತಿದ್ದುಪಡಿಯ ಮೂಲಕ ಇದು ಬಂತು. ಪ್ರತ್ಯೇಕ ಅಭಿವೃದ್ಧಿ ಮಂಡಳಿ ರಚನೆಯಾಯಿತು. 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾದಾಗ ಮಂಡಳಿಯ ಹೆಸರೂ ಬದಲಾಯಿತು. ಮಂಡಳಿಗೆ ವಾರ್ಷಿಕ ಅನುದಾನ 1,500 ಕೋಟಿಯಿಂದ 3,000 ಕೋಟಿಗೆ, ಮುಂದೆ 2023-24ರ ವೇಳೆಗೆ 5,000 ಕೋಟಿಗೆ ಏರಿತು. ಇತ್ತೀಚೆಗೆ 'ಅಕ್ಷರ ಆವಿಷ್ಕಾರ'ದ ಹೆಸರಿನಲ್ಲಿ ಶಿಕ್ಷಣಕ್ಕೆಂದೇ ಅದರಲ್ಲಿ ಪಾಲು ತೆಗೆದಿಟ್ಟದ್ದು ಸ್ವಾಗತಾರ್ಹ. ಇದಕ್ಕೆ ಮೊದಲು 2022ರ ಮಕ್ಕಳ ದಿನಾಚರಣೆಯಂದು 'ವಿವೇಕ' ಯೋಜನೆಯ ಸಾವಿರಾರು ಕೊಠಡಿಗಳಿಗೆ ಕಲಬುರಗಿ ಜಿಲ್ಲೆಯಲ್ಲೇ ಶಂಕುಸ್ಥಾಪನೆಯಾಯಿತು. ಆ ಸಂದರ್ಭದಲ್ಲಿ ನಾಡಿನ ಚರ್ಚೆಯೆಲ್ಲ ಕೊಠಡಿಗೆ ಬಳಿಯುವ ಬಣ್ಣದ ಸುತ್ತ ನಡೆಯಿತು. ತಳಪಾಯದ ಬಗ್ಗೆ ಕೇಳಿದವರು ಕಡಿಮೆ.

ತಳಪಾಯದ ಮಾತು ಬಂತು. ಇಲ್ಲಿಂದ ಉಪನ್ಯಾಸದ ಕೊನೆಯ ಭಾಗಕ್ಕೆ ಹೋಗುತ್ತೇನೆ: ಹಣ ಕೊಠಡಿಯಾಗುವ ದಾರಿ.

ಹಳ್ಳಿಯ ಶಾಲೆಯೊಂದರ ಚಾವಣಿಯಿಂದ ಗಾರೆ ಉದುರಿತೆಂದು ಇಟ್ಟುಕೊಳ್ಳಿ. ಮುಖ್ಯಶಿಕ್ಷಕರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್.ಡಿ.ಎಂ.ಸಿ.) ಸಭೆ ಕರೆದು ಠರಾವು ಮಾಡುತ್ತಾರೆ. ಅದು ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಹೋಗುತ್ತದೆ. ಎಂಜಿನಿಯರರು ಬಂದು ನೋಡಿ, ಕೊಠಡಿ ಶಿಥಿಲವಾಗಿದೆ ಎಂದು ಬರೆದುಕೊಡಬೇಕು. ನೆಲಸಮಕ್ಕೆ ಬೇರೆ ಅನುಮತಿ. ಹೊಸದಕ್ಕೆ ಅಂದಾಜುಪಟ್ಟಿ, ಕ್ರಿಯಾಯೋಜನೆಯಲ್ಲಿ ಸೇರ್ಪಡೆ, ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಟೆಂಡರು. ಈ ಮೆಟ್ಟಿಲುಗಳಲ್ಲಿ ಯಾವುದೂ ಅನಗತ್ಯವೆಂದು ನಾನು ಹೇಳಲಾರೆ. ಆದರೆ ಪ್ರತಿ ಮೆಟ್ಟಿಲಲ್ಲೂ ಕಡತವನ್ನು ಕೈಹಿಡಿದು ನಡೆಸುವವರೊಬ್ಬರು ಬೇಕು. ಊರಿನಲ್ಲಿ ಪ್ರಭಾವಿಗಳಿದ್ದರೆ, ಶಾಸಕರ ಮನೆಯ ಪರಿಚಯವಿದ್ದರೆ ಕಡತ ನಡೆಯುತ್ತದೆ. ದೀಪಾವಳಿ ಕಳೆಯುತ್ತಲೇ ಅರ್ಧ ಊರು ಬೆಂಗಳೂರಿಗೋ ಪುಣೆಗೋ ಮುಂಬೈಗೋ ಗುಳೆ ಹೋಗುವ ತಾಂಡಾದಲ್ಲಿ, ದಲಿತ ಕೇರಿಯ ಶಾಲೆಯಲ್ಲಿ, ಆ ಕಡತದ ಬೆನ್ನುಹತ್ತುವವರು ಯಾರು? ಕ್ರಿಯಾಯೋಜನೆಯ ಪಟ್ಟಿ ಶಿಫಾರಸಿನಿಂದ ತಯಾರಾಗುವವರೆಗೆ ಹೆಚ್ಚು ಕೊರತೆ ಇರುವ ಶಾಲೆಗೆ ಹೆಚ್ಚು ಕಾಯುವಿಕೆಯೇ ಸಿಗುತ್ತದೆ. ನನ್ನ ಇಡೀ ಉಪನ್ಯಾಸದಲ್ಲಿ ಒಂದೇ ಒಂದು ಮಾತನ್ನು ನೀವು ತೆಗೆದುಕೊಂಡು ಹೋಗುವುದಾದರೆ ಅದು ಇದಾಗಲಿ ಎಂದು ಕೇಳಿಕೊಳ್ಳುತ್ತೇನೆ. ಹಣ ಎಷ್ಟು ಎಂಬುದಕ್ಕಿಂತ, ಮುಂದಿನ ಕೊಠಡಿ ಯಾವ ಊರಿಗೆ ಎಂಬುದನ್ನು ಯಾವ ಲೆಕ್ಕದಿಂದ ತೀರ್ಮಾನಿಸುತ್ತೇವೆ ಎಂಬುದೇ ಬಡ ತಾಲ್ಲೂಕಿನ ಪಾಲಿಗೆ ನ್ಯಾಯ ಅನ್ಯಾಯಗಳ ಗೆರೆ.

ಕಡತ ದಾಟಿ ಕಾಮಗಾರಿ ಆರಂಭವಾಯಿತೆನ್ನಿ. ಆಗ ಮಣ್ಣಿನ ಪ್ರಶ್ನೆ ಎದುರಾಗುತ್ತದೆ. ಕಲಬುರಗಿ, ಯಾದಗಿರಿ, ರಾಯಚೂರು ಸೀಮೆಯ ಬಹುಭಾಗ ಎರೆನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಕರಾವಳಿಯ ಜಂಬಿಟ್ಟಿಗೆಯ ನೆಲದಲ್ಲಿ ಸಾಕಾಗುವ ತಳಪಾಯ ಇಲ್ಲಿ ಸಾಲದು. ಗಟ್ಟಿ ನೆಲ ಸಿಗುವವರೆಗೆ ತೋಡಬೇಕು, ಎರೆಮಣ್ಣು ತೆಗೆದು ಮೊರಂ ತುಂಬಬೇಕು, ಕೆಲವು ಕಡೆ ಕಾಂಕ್ರೀಟಿನ ಕಂಬಗಳನ್ನೇ ಇಳಿಸಬೇಕು. ಇದಕ್ಕೆಲ್ಲ ಹೆಚ್ಚಿನ ಖರ್ಚಿದೆ. ಒಂದು ಕೊಠಡಿಗೆ ಇಷ್ಟೇ ಎಂದು ಎಲ್ಲ ಕಡೆಗೂ ಒಂದೇ ಮೊತ್ತ ಹಿಡಿದರೆ ಆ ಹೆಚ್ಚುವರಿ ಖರ್ಚು ಎಲ್ಲಿಂದ ಬರಬೇಕು? ಕಂಬಿಯಿಂದ, ಸಿಮೆಂಟಿನಿಂದ, ತಳಪಾಯದ ಆಳದಿಂದಲೇ ಕಡಿತವಾಗುತ್ತದೆ. ಕೆಲವೇ ವರ್ಷಗಳಲ್ಲಿ ಗೋಡೆ ಅಡ್ಡಡ್ಡ ಸೀಳುತ್ತದೆ. ನೋಡುವವರಿಗೆ ಅದು ಕಳಪೆ ಕಾಮಗಾರಿ. ಅದರಲ್ಲಿ ಗುತ್ತಿಗೆದಾರನ ಪಾಲು ಇರಬಹುದು. ಮಣ್ಣನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಅಂದಾಜುಪಟ್ಟಿಯ ಪಾಲೂ ಇದೆ.

ಇನ್ನೊಂದು ಕಾಲದ ಪ್ರಶ್ನೆ. ನಮ್ಮ ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹಣದ ಬಿಡುಗಡೆ ಕಂತು ಕಂತಾಗಿ ಬಂದು, ದೊಡ್ಡ ಪಾಲು ಕೊನೆಯ ತಿಂಗಳುಗಳಲ್ಲಿ ಬಂದರೆ ಕಾಮಗಾರಿ ಬೇಸಿಗೆಗೆ ಬೀಳುತ್ತದೆ. ಶಾಲೆಗೆ ರಜೆ ಇರುವುದರಿಂದ ಅದೇ ಅನುಕೂಲ ಎಂದು ತೋರುತ್ತದೆ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಎರಡು ತಿಂಗಳು ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗಿನ ಹೊತ್ತಿಗೆ ಬದಲಿಸುತ್ತಾರೆ. ಹೊಸದಾಗಿ ಹಾಕಿದ ಸ್ಲ್ಯಾಬಿಗೆ ದಿನವೂ ನೀರು ಕಟ್ಟಿ ನಿಲ್ಲಿಸಿ ಕ್ಯೂರಿಂಗ್ ಮಾಡಬೇಕು. ಕುಡಿಯುವ ನೀರಿಗೇ ಟ್ಯಾಂಕರು ಕಾಯುವ ಊರಿನಲ್ಲಿ ಸ್ಲ್ಯಾಬಿಗೆ ನೀರು ಕೊಡುವವರು ಯಾರು? ನೀರು ಕಾಣದ ಕಾಂಕ್ರೀಟು ಬಿಸಿಲಿಗೆ ಸಣ್ಣಗೆ ಬಿರಿಯುತ್ತದೆ. ಜೂನಿನ ಮೊದಲ ಮಳೆಗೇ ಆ ಬಿರುಕಿನಲ್ಲಿ ನೀರು ಇಳಿಯುತ್ತದೆ, ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ, ತುಕ್ಕಿನಿಂದ ಉಬ್ಬಿದ ಕಂಬಿ ಗಾರೆಯನ್ನು ಹೊರದಬ್ಬುತ್ತದೆ. ಮಗುವಿನ ತಲೆಯ ಮೇಲೆ ಬೀಳುವ ಗಾರೆಯ ಚಕ್ಕೆಗೂ ಖಜಾನೆಯ ಬಿಡುಗಡೆಯ ತಾರೀಕಿಗೂ ಹೀಗೆ ನೇರ ಸಂಬಂಧವಿದೆ. ಮಳೆಗಾಲ ಮುಗಿದು ಚಳಿ ಕಾಲಿಡುವ ಹೊತ್ತಿಗೆ ಸ್ಲ್ಯಾಬು ಬೀಳುವಂತೆ ಹಣ ಬಿಡುಗಡೆ ಮಾಡಿದರೆ, ಅದೇ ಮೊತ್ತದಲ್ಲಿ ಕೊಠಡಿ ಹೆಚ್ಚು ವರ್ಷ ಬಾಳುತ್ತದೆ.

ಕಟ್ಟುವವರು ಯಾರೆಂಬುದೂ ಮುಖ್ಯ. ಡಿ.ಪಿ.ಇ.ಪಿ. ಮತ್ತು ಸರ್ವ ಶಿಕ್ಷಣ ಅಭಿಯಾನಗಳಲ್ಲಿ ಸಾಮಾನ್ಯವಾಗಿ ಗುತ್ತಿಗೆದಾರರನ್ನು ದೂರವಿಟ್ಟು ಊರ ಸಮಿತಿಯ ಕೈಗೇ ಕೆಲಸ ಕೊಡುವ ನಿಯಮವಿತ್ತು. ಕೆಲವು ಊರುಗಳಲ್ಲಿ ಅದು ಕೈಕೊಟ್ಟಿದೆ. ಮುಖ್ಯಶಿಕ್ಷಕರು ಪಾಠ ಬಿಟ್ಟು ಮರಳಿನ ಲೋಡು ಲೆಕ್ಕ ಹಾಕುತ್ತ ಹೈರಾಣಾಗಿದ್ದಾರೆ. ಆದರೆ ಊರವರೇ ನಿಂತು ಕಟ್ಟಿಸಿದ ಕೊಠಡಿಗಳಲ್ಲಿ ಎಷ್ಟೋ ಇಂದಿಗೂ ಗಟ್ಟಿಯಾಗಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗ ಲೋಕೋಪಯೋಗಿ, ಪಂಚಾಯತ್‌ರಾಜ್ ಎಂಜಿನಿಯರಿಂಗ್ ವಿಭಾಗ, ನಿರ್ಮಿತಿ ಕೇಂದ್ರ, ಕೆ.ಆರ್.ಐ.ಡಿ.ಎಲ್. ಹೀಗೆ ಏಜೆನ್ಸಿಗಳು ಹಲವು. ರಾಜ್ಯದ ಸಾರ್ವಜನಿಕ ಸಂಗ್ರಹಣೆಗಳ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿಯಡಿ ಟೆಂಡರಿಲ್ಲದೆ ಕೆಲಸ ವಹಿಸುವ ರೂಢಿಯೂ ಇದೆ. ಏಜೆನ್ಸಿ ಯಾವುದೇ ಆಗಲಿ, ಅಂದಾಜುಪಟ್ಟಿಯ ಪ್ರತಿಯೊಂದನ್ನು ಕನ್ನಡದಲ್ಲಿ ಶಾಲೆಯ ಗೋಡೆಗೆ ಅಂಟಿಸಿ, ಎಸ್.ಡಿ.ಎಂ.ಸಿ. ಒಪ್ಪಿಗೆಯಿಲ್ಲದೆ ಕೊನೆಯ ಬಿಲ್ಲು ಪಾವತಿಯಾಗಬಾರದೆಂದು ನಿಯಮ ಮಾಡಿದರೆ ತಾಯಂದಿರ ಕಣ್ಣು ಯಾವ ತಪಾಸಣಾ ತಂಡಕ್ಕೂ ಕಡಿಮೆಯಾಗುವುದಿಲ್ಲ.

ಕಟ್ಟಿದ ಮೇಲೆ ಕಾಪಾಡುವ ವಿಷಯ. ಸರ್ವ ಶಿಕ್ಷಣ ಅಭಿಯಾನದ ನಂತರ ಬಂದ ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಗೆ ಮಕ್ಕಳ ಸಂಖ್ಯೆಯ ಮೇಲೆ ಸಂಯುಕ್ತ ಅನುದಾನ ಸಿಗುತ್ತದೆ. ನೂರರ ಒಳಗಿನ ಮಕ್ಕಳಿರುವ ಶಾಲೆಗೆ ನಿಗದಿಯಾದದ್ದು 25,000 ರೂಪಾಯಿ, ಮೂವತ್ತರ ಒಳಗಿದ್ದರೆ 10,000. ಸೀಮೆಸುಣ್ಣದಿಂದ ಸ್ವಚ್ಛತೆಯವರೆಗೆ ಎಲ್ಲವೂ ಅದರಲ್ಲೇ. ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು, ನೀರು ಉಚಿತವೆಂದು 2023ರ ರಾಜ್ಯೋತ್ಸವದಂದು ರಾಜ್ಯ ಘೋಷಿಸಿದ್ದರಿಂದ ಹೊರೆ ಸ್ವಲ್ಪ ಇಳಿಯಿತು. ಆದರೂ ಮಾಳಿಗೆಗೆ ನೀರು ಸೋರದಂತೆ ಲೇಪ ಹಾಕಿಸಲು ಈ ಹಣ ಸಾಲುವುದಿಲ್ಲ. ಸಣ್ಣ ದುರಸ್ತಿಗೆ ಹಣವಿಲ್ಲದೆ ಬಿಟ್ಟ ಕೊಠಡಿ ದೊಡ್ಡ ದುರಸ್ತಿಯ ಪಟ್ಟಿಗೆ ಸೇರುತ್ತದೆ, ಅಲ್ಲಿಂದ ನೆಲಸಮದ ಪಟ್ಟಿಗೆ. ಹೊಸ ಕೊಠಡಿಗೆ ಶಂಕುಸ್ಥಾಪನೆಯ ಫಲಕವಿರುತ್ತದೆ. ಸೋರಿಕೆ ನಿಲ್ಲಿಸಿದ್ದಕ್ಕೆ ಯಾರೂ ಫಲಕ ಹಾಕುವುದಿಲ್ಲ, ಹಾಗಾಗಿ ಅದಕ್ಕೆ ಹಣ ತೆಗೆದಿಡಬೇಕೆಂಬುದೂ ಯಾರಿಗೂ ಹೊಳೆಯುವುದಿಲ್ಲ.

ಒಂದು ಆಕ್ಷೇಪವನ್ನು ಇಲ್ಲಿ ಎತ್ತಿಕೊಳ್ಳಲೇಬೇಕು. ಸರ್ಕಾರಿ ಶಾಲೆಗಳಲ್ಲಿ ಮಕ್ಕಳೇ ಕಡಿಮೆಯಾಗುತ್ತಿರುವಾಗ ಹೊಸ ಕೊಠಡಿ ಏಕೆ ಎಂದು ಕೇಳುವವರಿದ್ದಾರೆ. ಮಲೆನಾಡಿನ ಕೆಲವು ಶಾಲೆಗಳ ಮಟ್ಟಿಗೆ ಈ ಪ್ರಶ್ನೆ ನಿಜ. ಅಲ್ಲಿ ಕೊಠಡಿಗಳಿವೆ, ಮಕ್ಕಳು ಬೆರಳೆಣಿಕೆಯಷ್ಟು. ಎರೆಸೀಮೆಯ ಹಳ್ಳಿಗಳ ಚಿತ್ರ ಬೇರೆ. ಇಲ್ಲಿ ಎಷ್ಟೋ ಊರಿಗೆ ಸರ್ಕಾರಿ ಶಾಲೆಯೊಂದೇ ಗತಿ, ನಲಿ-ಕಲಿಯ ಒಂದೇ ಕೊಠಡಿಯಲ್ಲಿ ಮೂರು ತರಗತಿಯ ಮಕ್ಕಳು ಇಕ್ಕಟ್ಟಿನಲ್ಲಿ ಕೂರುತ್ತಾರೆ. ಕಾಯ್ದೆ ಕೊಠಡಿಯನ್ನು ಶಿಕ್ಷಕರ ಸಂಖ್ಯೆಗೆ ಕಟ್ಟಿಹಾಕಿರುವುದರಿಂದ ಇನ್ನೊಂದು ತೊಡಕೂ ಇದೆ. ಹುದ್ದೆಗಳು ಖಾಲಿ ಇರುವ ತಾಲ್ಲೂಕಿನಲ್ಲಿ ಕೆಲಸ ಮಾಡುತ್ತಿರುವ ಶಿಕ್ಷಕರನ್ನು ಮಾತ್ರ ಎಣಿಸಿದರೆ ಕೊಠಡಿಯ ಕೊರತೆಯೂ ಕಾಗದದ ಮೇಲೆ ಕಡಿಮೆ ಕಾಣುತ್ತದೆ. ಒಂದು ಕೊರತೆ ಇನ್ನೊಂದನ್ನು ಮುಚ್ಚಿಡುತ್ತದೆ. ಆದ್ದರಿಂದ ಮಕ್ಕಳ ಸಂಖ್ಯೆಯಿಂದ, ಮಂಜೂರಾದ ಹುದ್ದೆಗಳಿಂದ ಎಣಿಕೆ ಆರಂಭವಾಗಬೇಕು.

ಪ್ರೌಢಶಾಲೆಯ ವಿಷಯದಲ್ಲಿ ಇದು ಇನ್ನೂ ತುರ್ತಿನದು. ಏಳನೆಯ ತರಗತಿ ಮುಗಿಸಿದ ಹುಡುಗಿಗೆ ಮುಂದಿನ ಶಾಲೆ ಪಕ್ಕದ ಊರಲ್ಲಿದ್ದರೆ, ಬಸ್ಸು ಹೊತ್ತಿಗೆ ಬಾರದಿದ್ದರೆ, ಅಲ್ಲಿ ಶೌಚಾಲಯಕ್ಕೆ ಬಾಗಿಲಿಲ್ಲದಿದ್ದರೆ, ಅವಳ ಓದು ಅಲ್ಲಿಗೇ ನಿಲ್ಲುತ್ತದೆ. ಹತ್ತಿ ಬಿಡಿಸುವ ಹೊಲ ಅವಳಿಗಾಗಿ ಕಾಯುತ್ತಿರುತ್ತದೆ, ಅದರ ಹಿಂದೆಯೇ ಮದುವೆಯ ಮಾತು. ಅವಳ ಪಾಲಿಗೆ ಇರುವ ಊರಲ್ಲೇ ಎಂಟು, ಒಂಬತ್ತು, ಹತ್ತನೆಯ ತರಗತಿಗೆ ಮೂರು ಕೊಠಡಿ ಸೇರಿಸುವುದು ಯಾವ ಪ್ರೋತ್ಸಾಹಧನಕ್ಕಿಂತಲೂ ದೊಡ್ಡ ಸಹಾಯ.

ಇನ್ನು ಮುಗಿಸುವ ಹಂತಕ್ಕೆ ಬಂದಿದ್ದೇನೆ. ಪ್ರಾದೇಶಿಕ ಅಸಮತೋಲನದ ಮರುಪರಿಶೀಲನೆಗೆ ಸರ್ಕಾರ 2024ರಲ್ಲಿ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ನಂಜುಂಡಪ್ಪನವರ ಕಾಲದಲ್ಲಿ ಇಲ್ಲದ ಒಂದು ಅನುಕೂಲ ಇಂದು ಇದೆ. ಶಾಲೆಗಳ ಮಾಹಿತಿ ವ್ಯವಸ್ಥೆಯಾದ ಯುಡೈಸ್‌ನ ದಾಖಲೆಯಲ್ಲಿ ಪ್ರತಿ ಶಾಲೆಯ ಪ್ರತಿ ಕೊಠಡಿಯೂ ಸುಸ್ಥಿತಿಯಲ್ಲಿದೆಯೆ, ಸಣ್ಣ ದುರಸ್ತಿ ಬೇಕೆ, ದೊಡ್ಡ ದುರಸ್ತಿ ಬೇಕೆ ಎಂಬ ಮಾಹಿತಿ ಸೇರುತ್ತದೆ. ಇದನ್ನು ಎಂಜಿನಿಯರರಿಂದ ಒಮ್ಮೆ ಸ್ಥಳದಲ್ಲೇ ಪರಿಶೀಲಿಸಿ, ತಾಲ್ಲೂಕುವಾರು ಕೊರತೆಯ ಕ್ರಮಪಟ್ಟಿ ಮಾಡಿ, ಗ್ರಾಮಸಭೆಯಲ್ಲಿ ಓದಿಸಬೇಕು. ಮಂಡಳಿಯ ಹಣವಾಗಲಿ, ಸಮಗ್ರ ಶಿಕ್ಷಣದ ಹಣವಾಗಲಿ, ಉದ್ಯೋಗ ಖಾತರಿಯ ಸುತ್ತುಗೋಡೆಯಾಗಲಿ ಆ ಕ್ರಮದಲ್ಲೇ ಹೋಗಬೇಕು. ಕ್ರಮವನ್ನು ದಾಟಿ ಬೇರೆ ಶಾಲೆಗೆ ಕೊಠಡಿ ಕೊಟ್ಟರೆ ಕಾರಣವನ್ನು ಬರಹದಲ್ಲಿ ಕೊಡಬೇಕು. 371(ಜೆ) ಪ್ರಕಾರ ಮಂಡಳಿಯ ಕಾರ್ಯವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕಾಗಿದೆ. ಎಷ್ಟು ಕೋಟಿ ಖರ್ಚಾಯಿತು ಎಂಬುದರ ಜೊತೆಗೆ, ವರ್ಷದ ಆರಂಭದಲ್ಲಿ ಎಷ್ಟು ಕೊಠಡಿಗಳ ಕೊರತೆಯಿತ್ತು, ಕೊನೆಗೆ ಎಷ್ಟು ಉಳಿಯಿತು ಎಂಬ ಒಂದು ಪುಟ ಆ ವರದಿಯಲ್ಲಿ ಕಡ್ಡಾಯವಾಗಲಿ. ಎರೆನೆಲಕ್ಕೆ ಬೇರೆ ದರ, ಚಳಿಗಾಲಕ್ಕೆ ಮೊದಲೇ ಬಿಡುಗಡೆ, ಕಟ್ಟಿದ ಪ್ರತಿ ಕೊಠಡಿಯ ಹೆಸರಿನಲ್ಲಿ ವರ್ಷವರ್ಷವೂ ದುರಸ್ತಿಯ ಮೀಸಲು ನಿಧಿ, ಈ ಮೂರನ್ನು ಸಾಮಾನ್ಯ ಸುತ್ತೋಲೆಯೊಂದರಿಂದಲೇ ಆರಂಭಿಸಬಹುದು. ಈ ಸಭೆಯಲ್ಲಿರುವ ಶಿಕ್ಷಕರು ತಮ್ಮ ಶಾಲೆಯ ದಾಖಲೆಯಲ್ಲಿ ದೊಡ್ಡ ದುರಸ್ತಿ ಎಂಬ ಅಂಕಣವನ್ನು ಸಂಕೋಚವಿಲ್ಲದೆ, ಇದ್ದದ್ದು ಇದ್ದಂತೆ ತುಂಬಬೇಕೆಂದು ಕೇಳಿಕೊಳ್ಳುತ್ತೇನೆ. ಪಟ್ಟಿ ಅಲ್ಲಿಂದಲೇ ಹುಟ್ಟುತ್ತದೆ.